ಮಂಡಕ್ಕಿ ಭಟ್ಟಿಯ ಅಟ್ಟದಲ್ಲಿ ಗಿಟಾರು

ಮಳೆ ಬರುತ್ತದೋ ಇಲ್ಲವೋ ಎಂದು ಮೊಬೈಲು ತೆಗೆದು ನೋಡುವವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ. ಗುತ್ತೆಪ್ಪ ಒಂದು ಮಂಡಕ್ಕಿ ಕಚ್ಚಿ ನೋಡುತ್ತಿದ್ದ. ಮುಂಜಾನೆ ಭಟ್ಟಿಗೆ ಬಂದವನೇ ಹಿಂದಿನ ದಿನದ ಚೀಲಕ್ಕೆ ಕೈ ಹಾಕಿ, ಒಂದೇ ಒಂದು ಕಾಳನ್ನು ಮುಂದಿನ ಹಲ್ಲಿಗೆ ಕೊಟ್ಟು, ಕಣ್ಣು ಮುಚ್ಚಿ ನಿಲ್ಲುವನು. ಕುರುಂ ಎಂದರೆ ಗಾಳಿ ಒಣಗಿದೆ, ಧೈರ್ಯವಾಗಿ ಹುರಿಯಬಹುದು. ಹಲ್ಲಿಗೆ ಮೆತ್ತಿಕೊಂಡರೆ ಥಂಡಿ ಏರಿದೆ, ಚೀಲಗಳ ಬಾಯಿ ಬಿಗಿಯಬೇಕು. ಭಟ್ಟಿಯ ಮಾಲೀಕರು ಹಿದಾಯತ್ ಸಾಹೇಬರು ಬಂದ ವ್ಯಾಪಾರಿಗಳ ಮುಂದೆಲ್ಲ, “ಗುತ್ತೆಪ್ಪನ ಹಲ್ಲು ಗಟ್ಟಿ ಇರೋತನ್ಕ ನಮ್ಮ ಮಾಲು ಮೆತ್ತಗಾಗಲ್ಲ” ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಗುತ್ತೆಪ್ಪ ಒಂದು ರೊಟ್ಟಿ ಹೆಚ್ಚಿಗೆ ತಿನ್ನುತ್ತಿದ್ದ. ಹೊಗಳಿದರೆ ಉಬ್ಬದವರು ಯಾರಿದ್ದಾರೆ ಹೇಳಿ.

ಹದಿನಾಲ್ಕನೆಯ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಭಟ್ಟಿಗೆ ಬಂದ ಮನುಷ್ಯ, ಈಗ ಐವತ್ತೇಳು. ಓದು ನಾಲ್ಕನೇ ಕ್ಲಾಸಿಗೇ ಮುಗಿದಿತ್ತು. ನಲವತ್ತಮೂರು ವರ್ಷದಲ್ಲಿ ಕಲಿತ ವಿದ್ಯೆ ಒಂದೇ, ನೀರನ್ನು ಹೊರಗೆ ಹಾಕುವುದು. ನೆನೆಸಿದ ಭತ್ತವನ್ನು ಹುರಿದು ನೀರು ತೆಗೆಯಬೇಕು. ಉಪ್ಪುನೀರು ಕುಡಿದ ಅಕ್ಕಿಯನ್ನು ಒಣಗಿಸಿ ನೀರು ತೆಗೆಯಬೇಕು. ಕಾದ ಮರಳಿಗೆ ಸುರಿದು ಉಳಿದ ಹನಿಯನ್ನೂ ತೆಗೆಯಬೇಕು. ಹೊಟ್ಟಿನ ಬೆಂಕಿಯ ಮುಂದೆ ನಿಂತೂ ನಿಂತೂ ಅವನ ಹುಬ್ಬಿನ ಕೂದಲು ಸುಟ್ಟುಹೋಗಿತ್ತು, ಎದೆಯಲ್ಲಿ ಹೊಗೆಯ ಕೆಮ್ಮು ಮನೆ ಮಾಡಿತ್ತು, ಬೇಸಿಗೆ ಬಂತೆಂದರೆ ಹಿಮ್ಮಡಿ ಸೀಳಿ ರಕ್ತ ಜಿನುಗುತ್ತಿತ್ತು. ನಿಟ್ಟುವಳ್ಳಿಯ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ಕೆಂಚಕ್ಕ ಆ ಬಿರುಕಿಗೆ ಹರಳೆಣ್ಣೆ ತುಂಬುತ್ತಾ, “ಲೋಕಾನೆಲ್ಲ ಕಚ್ಚಿ ನೋಡ್ತೀಯ. ಮದ್ವಿಗೆ ಮುಂಚೆ ನನ್ನೂ ಒಂದ್ಸಲ ಕಚ್ಚಿ ನೋಡಿದ್ರ ನಾನಾದ್ರೂ ಬಚಾವಾಗ್ತಿದ್ದೆ” ಎಂದು ಕಾಡಿಸುತ್ತಿದ್ದಳು.

ಇಂಥವನ ಬದುಕಿನಲ್ಲಿ ಗಿಟಾರು ಹೇಗೆ ಬಂತು ಎಂದು ಕೇಳಿದರೆ, ಮಳೆಯ ದೆಸೆಯಿಂದ ಬಂತು. ಹರಿಹರದಲ್ಲಿ ಗಣೇಶ ಎಂಬುವರಿದ್ದರು. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸಿದವರು. ಮದುವೆ ಮನೆಗಳಿಗೆ ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ಮುಚ್ಚಿತು, ಇವರು ಮೇಷ್ಟ್ರಾದರು. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಎಸ್.ಎಸ್. ಬಡಾವಣೆಯ ಮಕ್ಕಳಿಗೆ ಪಾಠ ಹೇಳಲು ಬರುತ್ತಿದ್ದರು. ಅವರ ಗಿಟಾರಿಗೆ ಎಲ್ಲರದರ ಹಾಗೆ ಹೆಗಲಿಗೆ ಹಾಕುವ ಬಟ್ಟೆ ಚೀಲವಿರಲಿಲ್ಲ. ಅವರ ಅಪ್ಪ ಸಾಗುವಾನಿಯಲ್ಲಿ ಮಾಡಿಕೊಟ್ಟ ಮರದ ಪೆಟ್ಟಿಗೆ ಇತ್ತು, ಒಳಗೆ ಹಸಿರು ಮಖಮಲ್ಲು. ಬಸ್ಸಿನ ಕಂಡಕ್ಟರು, “ಹೆಣದ ಪೆಟ್ಟಿಗೀಗೂ ಅರ್ಧ ಟಿಕೆಟ್ ಐತೆ ಮೇಷ್ಟ್ರೆ” ಎಂದು ನಗುತ್ತಿದ್ದನಂತೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳದೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು.

ಎಂಟು ವರ್ಷದ ಹಿಂದೆ ಒಂದು ಶ್ರಾವಣದಲ್ಲಿ ಮಳೆ ಹಿಡಿದು ಅವರು ಭಟ್ಟಿಯ ತಗಡಿನ ಕೆಳಗೆ ಬಂದು ನಿಂತರು. ಗುತ್ತೆಪ್ಪ ಒಂದು ಬೊಗಸೆ ಮಂಡಕ್ಕಿ ಕೊಟ್ಟ. ಅವರು ತಿನ್ನುತ್ತಾ ತಿನ್ನುತ್ತಾ ಕೇಳಿದರು.

“ಇಂಥ ಮಳೆಯಾಗೂ ಇದು ಹೆಂಗೆ ಗರಿಗರಿ ಇರ್ತೈತೆ ಗುತ್ತೆಪ್ಪಣ್ಣ? ಹೊಳಿ ದಂಡಿಮ್ಯಾಗ ನಮ್ಮನಿ. ಮಳೆಗಾಲ ಬಂದ್ರ ಗಿಟಾರು ಬಾತ್ಕಂಬಿಡ್ತೈತೆ, ಧ್ವನಿನೇ ಬರಲ್ಲ.”

ಅಲ್ಲಿಯವರೆಗಿನ ಮೂವತ್ತೈದು ವರ್ಷದಲ್ಲಿ ಗುತ್ತೆಪ್ಪನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಸೇರು ಎಷ್ಟು ಎಂದು ಕೇಳಿದ್ದರು, ಅಷ್ಟೆ. ಅವನು ಕೈ ಒರೆಸಿಕೊಂಡು, ತೆಳು ಬಟ್ಟೆಯ ಸಂಚಿಯಲ್ಲಿ ಎರಡು ಹಿಡಿ ಹುರಿದ ಅಕ್ಕಿ ಕಟ್ಟಿಕೊಟ್ಟ. ಇನ್ನೊಂದು ಸಂಚಿಯಲ್ಲಿ ಮಂಡಕ್ಕಿ ಕಟ್ಟಿಕೊಟ್ಟ. “ಅಕ್ಕಿ ಥಂಡಿ ಕುಡಿತೈತೆ. ಮಂಡಕ್ಕಿ ಲೆಕ್ಕ ಹೇಳ್ತೈತೆ. ದಿನಾ ಒಂದು ಕಾಳು ಕಚ್ಚಿ ನೋಡ್ರಿ. ಮೆತ್ತಗಾತು ಅಂದ್ರ ನನ್ನ ಹತ್ರ ಬರ್ರಿ, ಬದಲಾಯ್ಸಿ ಕೊಡ್ತೀನಿ” ಎಂದ. ಹದಿನೈದು ದಿನ ಬಿಟ್ಟು ಮೇಷ್ಟ್ರು ಬಂದು, ಮಂಡಕ್ಕಿ ಚೀಲದ ಮೇಲೆ ಕೂತು, ಪೆಟ್ಟಿಗೆ ತೆಗೆದು ನುಡಿಸಿದರು. ಗುತ್ತೆಪ್ಪನಿಗೆ ಸಂಗೀತದ ಗಂಧಗಾಳಿ ಇರಲಿಲ್ಲ; ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಆದರೆ ಆ ನಾದದಲ್ಲಿ ತಾನು ಹುರಿದ ಅಕ್ಕಿಯ ಪಾಲೂ ಇದೆ ಎಂಬುದು ಗೊತ್ತಾಗಿ ಅವನ ಕಣ್ಣು ತುಂಬಿತು. ಹೊಗೆ ಎಂದು ಸುಳ್ಳು ಹೇಳಿ ಒರೆಸಿಕೊಂಡ.

ಅಲ್ಲಿಂದ ಪ್ರತಿ ಮಳೆಗಾಲ ಪೆಟ್ಟಿಗೆಯ ಉಸಾಬರಿ ಅವನದೇ ಆಯಿತು. ಬೇಸಿಗೆಯಲ್ಲಿ ಮೇಷ್ಟ್ರು ಪೆಟ್ಟಿಗೆಯನ್ನು ಹೇಗೆ ನೋಡಿಕೊಳ್ಳುತ್ತಿದ್ದರು ಎಂದು ಇವನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಕಳೆದ ವರ್ಷ ಮೇ ತಿಂಗಳ ಕೊನೆಗೆ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ನಾಲಗೆಯ ಮೇಲೆ ‘ಅದು’ ಎಂಬ ಒಂದು ಪದ ಮಾತ್ರ ಉಳಿಯಿತು. ಊಟ ಬೇಕಾದರೂ ಅದು, ಬೇಡವಾದರೂ ಅದು. ಐವತ್ತೊಂದು ವರ್ಷದ ಮನುಷ್ಯನಿಗೆ ದೇವರು ಇಷ್ಟು ಜಿಪುಣತನ ಮಾಡಬಾರದಿತ್ತು. ಜುಲೈನಲ್ಲಿ ತುಂಗಭದ್ರೆ ಏರಿತು. ಮನೆಯ ಗೋಡೆ ಆಳೆತ್ತರಕ್ಕೆ ನೆನೆಯಿತು. ಮೇಷ್ಟ್ರ ಹೆಂಡತಿ ಸರೋಜಾ ಗುತ್ತೆಪ್ಪನಿಗೆ ಫೋನು ಮಾಡಿದಳು.

“ಅಣ್ಣ, ಇವರನ್ನ ನೋಡ್ಕೊಳ್ಳೋದಾ, ಗಿಟಾರು ನೋಡ್ಕೊಳ್ಳೋದಾ? ಮಳೆಗಾಲ ಮುಗಿಯೋತನ್ಕ ನೀವು ಇಟ್ಕಳ್ರಿ.”

ಗುತ್ತೆಪ್ಪ ಅಂದೇ ಹರಿಹರಕ್ಕೆ ಹೋದ. ಮೇಷ್ಟ್ರು ಮಂಚದ ಮೇಲೆ ಒರಗಿದ್ದರು. ಪೆಟ್ಟಿಗೆಯನ್ನು ಎತ್ತಿಕೊಂಡಾಗ ಎಡಗೈ ಚಾಚಿ ಅದರ ಮುಚ್ಚಳದ ಮೇಲಿಟ್ಟರು. “ಅದು... ಅದು” ಎಂದರು. ಬಾಯಿಯ ಒಂದು ಬದಿ ಸೊಟ್ಟಗಾಗಿ ಜೊಲ್ಲು ಇಳಿಯಿತು. ಗುತ್ತೆಪ್ಪ ತನ್ನ ಹೆಗಲ ಮೇಲಿನ ವಲ್ಲಿಯಿಂದ ಒರೆಸಿದ.

“ನಿಮ್ಮ ಕೈ ಬರೋತನ್ಕ ನನ್ನ ಹತ್ರ ಇರ್ತೈತೆ ಮೇಷ್ಟ್ರೆ. ಒಂದು ಹನಿ ಥಂಡಿ ಸೋಕಾಕ ಬಿಡಲ್ಲ. ಹೆಂಗೆ ತಗಂಡು ಹೋಗ್ತೀನೋ ಹಂಗೇ ತಂದು ನಿಮ್ಮ ತೊಡಿಮ್ಯಾಗ ಇಡ್ತೀನಿ.”

ದಾವಣಗೆರೆಯಲ್ಲಿ ಎಲ್ಲಕ್ಕಿಂತ ಒಣಗಿದ ಜಾಗ ಯಾವುದು ಎಂದು ಗುತ್ತೆಪ್ಪನನ್ನು ಕೇಳಬೇಕೇ? ಭಟ್ಟಿಯ ಗೋಡೆಗೆ ಹೊಂದಿದ ಅಟ್ಟ. ಅಲ್ಲಿ ಹಾಕಿದ ಒದ್ದೆ ಗೋಣಿ ಮಧ್ಯಾಹ್ನದೊಳಗೆ ಹಪ್ಪಳವಾಗುತ್ತಿತ್ತು. ಹಿದಾಯತ್ ಸಾಹೇಬರು ಹೂಂ ಎಂದರು. ಅಟ್ಟಕ್ಕೆ ಏರಿಸುವ ಮೊದಲು ಗುತ್ತೆಪ್ಪ ಪೆಟ್ಟಿಗೆ ತೆಗೆದ. ಗಿಟಾರಿಗೆ ಬಿಳಿ ಪಂಚೆ ಸುತ್ತಿತ್ತು. ಮಸಿ ಮೆತ್ತಿದ ಕೈಯಿಂದ ಅದನ್ನು ಮುಟ್ಟುವುದು ಬೇಡವೆಂದು ಬಿಚ್ಚಲಿಲ್ಲ. ಗಿಟಾರಿನ ಕುತ್ತಿಗೆಯ ಕೆಳಗೆ ಮುಚ್ಚಳವಿರುವ ಸಣ್ಣ ಗೂಡೊಂದಿತ್ತು, ಸಂಚಿಗಳನ್ನು ಇಡುವುದು ಅಲ್ಲೇ. ಈ ಸಲ ಅದರೊಳಗೆ ಒಂದು ಸೋಪಿನ ಡಬ್ಬಿ ಇತ್ತು. ಮೈತುಂಬ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿ. ಒಳಗೊಂದು ಸ್ಪಂಜು. ಮಳೆಗಾಲದ ಥಂಡಿಗೆ ಅದು ಆರಿರಲಿಲ್ಲ, ಹಿಂಡಿದರೆ ಬೆರಳಿಗೆ ತೇವ ತಾಗಿತು.

ಗುತ್ತೆಪ್ಪನಿಗೆ ಮೈ ಉರಿಯಿತು. ಗಿಟಾರಿನ ಪೆಟ್ಟಿಗೆಯಲ್ಲಿ ನೀರಿನ ಸ್ಪಂಜು! ಮನೆಗೆ ಬಂದ ಯಾವುದೋ ಮಗು ಇಟ್ಟಿರಬೇಕು, ಇಲ್ಲವೇ ಗಂಡನ ಚಿಂತೆಯಲ್ಲಿ ಸರೋಜಮ್ಮ ಗೊತ್ತಿಲ್ಲದೆ ತುರುಕಿರಬೇಕು. ಕೇಳಿದರೆ ಆ ತಾಯಿ ನೊಂದುಕೊಂಡಾಳು, ಮಾತಿಲ್ಲದ ಮೇಷ್ಟ್ರು ಒಳಗೇ ಕುದ್ದಾರು ಎಂದು ಯಾರಿಗೂ ಹೇಳಲಿಲ್ಲ. ಡಬ್ಬಿಯನ್ನೂ ಸ್ಪಂಜನ್ನೂ ಉರಿಯೊಳಗೆ ಎಸೆದ. ಒಂದು ಅನಾಹುತ ತಪ್ಪಿಸಿದೆ ಎಂಬ ಸಮಾಧಾನದಲ್ಲಿ ಅವತ್ತು ಚಹಾ ಕುಡಿದ.

ಪ್ರತಿ ಸೋಮವಾರ ಸರೋಜಾಗೆ ಫೋನು ಮಾಡುವುದು ರೂಢಿಯಾಯಿತು. ಅವಳು ಫೋನನ್ನು ಗಂಡನ ಕಿವಿಗೆ ಹಿಡಿಯುತ್ತಿದ್ದಳು. ಮಾತು ಬಾರದವರ ಜೊತೆ ಏನು ಮಾತಾಡುವುದು? ಗುತ್ತೆಪ್ಪನೇ ಒಂದು ದಾರಿ ಹುಡುಕಿದ. ಪೆಟ್ಟಿಗೆಯ ಸಂಚಿಯಿಂದ ಒಂದು ಮಂಡಕ್ಕಿ ತೆಗೆದು, ಫೋನಿನ ಹತ್ತಿರ ಬಾಯಿ ತಂದು ಕಚ್ಚುತ್ತಿದ್ದ. ಕುರುಂ. “ಕೇಳಿಸ್ತಾ ಮೇಷ್ಟ್ರೆ? ಒಣಗೈತೆ. ಆರಾಮೈತೆ.” ಆ ಕಡೆಯಿಂದ ಗೊರಗೊರ ನಗು ಕೇಳುತ್ತಿತ್ತು. ಆಮೇಲೆ ಸರೋಜಾ ಹೇಳುತ್ತಿದ್ದಳು, “ಅಣ್ಣ, ವ್ಯಾಯಾಮ ಮಾಡ್ಸೋ ಹುಡುಗಿ ಸಹನಾ ಬಂದ್ರ ಮುಖ ತಿರುಗಿಸ್ತಾರೆ. ನಿಮ್ಮ ಫೋನು ಬಂದ ದಿನ ಮಾತ್ರ ತಾವೇ ಕೈ ಚಾಚ್ತಾರೆ. ಬಲಗೈಯಾಗ ನನ್ನ ಬೆರಳು ಹಿಡ್ಕಂಡು ಹೆಂಗೆ ಒತ್ತುತಾರೆ ಅಂದ್ರ, ಇವತ್ತು ಉಂಗುರ ಚುಚ್ತು.”

ಇದನ್ನು ಕೇಳಿದ ದಿನದಿಂದ ಗುತ್ತೆಪ್ಪನ ಪಾಲಿಗೆ ಅದು ಬರೀ ಪೆಟ್ಟಿಗೆಯಾಗಿ ಉಳಿಯಲಿಲ್ಲ. ಗಿಟಾರು ನೆಟ್ಟಗಿದೆ ಎಂಬ ನಂಬಿಕೆ ಇದ್ದರೆ ಮೇಷ್ಟ್ರು ಕೈ ಒತ್ತುತ್ತಾರೆ, ಒತ್ತಿದರೆ ಕೈ ಬರುತ್ತದೆ. ದೀಪಾವಳಿಗೆ ಕೊಟ್ಟುಬಿಡಬೇಕೆಂದಿದ್ದು ಮುಂದಕ್ಕೆ ಹೋಯಿತು; ಹರಿಹರದ ಗೋಡೆ ಇನ್ನೂ ಆರಿರಲಿಲ್ಲ, ಕೈಯೂ ಬಂದಿರಲಿಲ್ಲ. ಸಂಕ್ರಾಂತಿಗೆ ಮೇಷ್ಟ್ರು ಎದ್ದು ಕೂತರು. ಶಿವರಾತ್ರಿಗೆ ಕೋಲು ಹಿಡಿದು ಬಾಗಿಲತನಕ ನಡೆದರು. ಬಲಗೈಯ ಹೆಬ್ಬೆರಳು ಬೇರೆಯಾಗಿ ಅಲ್ಲಾಡತೊಡಗಿತು. ತಂತಿ ಮೀಟಲು ಬೇಕಾದದ್ದು ಅದೇ ಬೆರಳು ಎಂದು ಸರೋಜಾ ಹೇಳಿದಾಗ ಗುತ್ತೆಪ್ಪ ದೊಡ್ಡಪೇಟೆಯ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದ.

ಮಾರ್ಚ್ ಬಂತು. ದಾವಣಗೆರೆಯ ಬಿಸಿಲು ಏನೆಂದು ಇಲ್ಲಿ ಬೆಂದವರಿಗೆ ಗೊತ್ತು. ನಿಟ್ಟುವಳ್ಳಿಯ ಮನೆಯ ಬಾಗಿಲ ಹಲಗೆಗಳು ಸೊರಗಿ ನಡುವೆ ಬೆಳಕು ಕಾಣತೊಡಗಿತು. ಗುತ್ತೆಪ್ಪನ ಹಿಮ್ಮಡಿ ಎಂದಿನಂತೆ ಸೀಳಿತು, ಕೆಂಚಕ್ಕ ಎಂದಿನಂತೆ ಎಣ್ಣೆ ತುಂಬಿದಳು. ಇಷ್ಟೆಲ್ಲ ಕಣ್ಣೆದುರಿಗೇ ಇತ್ತು. ಒಣಗಿದರೆ ಕಾಲು ಸೀಳುತ್ತದೆ, ಬಾಗಿಲು ಸೀಳುತ್ತದೆ, ಹಾಗಾದರೆ ಗಿಟಾರಿನ ಆ ತೆಳು ಹಲಗೆಯ ಗತಿ ಏನು ಎಂದು ಆ ಪುಣ್ಯಾತ್ಮನಿಗೆ ಒಂದು ಗಳಿಗೆಯೂ ಹೊಳೆಯಲಿಲ್ಲ. ಅವನನ್ನು ದಡ್ಡ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಜೀವಮಾನವೆಲ್ಲ ನೀರೇ ವೈರಿ ಎಂದು ದುಡಿದವನಿಗೆ ನೀರು ಬೇಕಾದ ವಸ್ತುವೂ ಒಂದಿದೆ ಎಂದು ಯಾರು ಹೇಳಿಕೊಡಬೇಕು? ಅವನು ಭಟ್ಟಿಯ ಪಕ್ಕದ ಆ ಅಟ್ಟದಲ್ಲಿ, ಆ ಬಿಸಿಲಲ್ಲಿ, ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೊಸದಾಗಿ ಹುರಿದ ಅಕ್ಕಿಯನ್ನು ಸಂಚಿಗೆ ತುಂಬುತ್ತಾ ಹೋದ. ಮಂಡಕ್ಕಿ ಕುರುಂ ಎನ್ನುತ್ತಲೇ ಇತ್ತು. ಥಂಡಿ ಹೆಚ್ಚಾದರೆ ಹೇಳುವ ಮಂಡಕ್ಕಿ, ಕಡಿಮೆಯಾದರೆ ಹೇಳುವುದಿಲ್ಲ.

ಅದೇ ದಿನಗಳಲ್ಲಿ ಸೋಮವಾರದ ಫೋನಿಗೆ ಮೇಷ್ಟ್ರು ನಗುವುದನ್ನು ನಿಲ್ಲಿಸಿದರು. ಕುರುಂ ಸದ್ದು ಕೇಳಿದರೆ “ಅದು! ಅದು!” ಎಂದು ಒದರುತ್ತಿದ್ದರು. ಒಂದು ಸಲ ಗುತ್ತೆಪ್ಪ, “ಎಲುಬಿನಂಗೆ ಒಣಗೈತೆ ಮೇಷ್ಟ್ರೆ, ಭಟ್ಟಿ ಮ್ಯಾಲೇ ಇಟ್ಟೀನಿ” ಎಂದಾಗ ಆ ಕಡೆ ಲೋಟ ಬಿದ್ದ ಸದ್ದಾಯಿತು. ಸರೋಜಾ ಫೋನು ತೆಗೆದುಕೊಂಡಳು.

“ನೀರಿನ ಲೋಟಕ್ಕೆ ಬೆರಳು ಅದ್ದಿ ಅದ್ದಿ ನನ್ನ ಮುಖಕ್ಕೆ ಚಿಮುಕಿಸ್ತಾರೆ ಅಣ್ಣ. ಆಮೇಲೆ ಲೋಟಾನೇ ಒಗೆದ್ರು. ಕೈ ಬರಾಕತ್ತೈತಲ್ಲ, ನುಡಿಸೋ ಆತುರ. ಸಿಟ್ಟು ಜಾಸ್ತಿ ಆಗೈತೆ.”

“ಆತುರ ಬ್ಯಾಡ ಅನ್ನಮ್ಮ. ಇನ್ನೊಂದು ತಿಂಗಳು. ಗಿಟಾರು ಎಲ್ಲೂ ಓಡಿಹೋಗಲ್ಲ” ಎಂದು ಗುತ್ತೆಪ್ಪ ನಕ್ಕ.

ಏಪ್ರಿಲ್ ಕೊನೆಯ ವಾರ, ಹನ್ನೊಂದರ ಬಿಸಿಲಲ್ಲಿ ಭಟ್ಟಿಯ ಮುಂದೆ ಆಟೋ ಬಂದು ನಿಂತಿತು. ಸರೋಜಾ ಇಳಿದಳು, ಅವಳ ಭುಜ ಹಿಡಿದು ಮೇಷ್ಟ್ರು ಇಳಿದರು. ಬೆಳಗ್ಗೆಯಿಂದ ಊಟ ಮುಟ್ಟದೆ, ಪೆಟ್ಟಿಗೆ ಇದ್ದ ಮೂಲೆಯನ್ನೇ ತೋರಿಸಿ ತೋರಿಸಿ ಹಟ ಹಿಡಿದಿದ್ದರಂತೆ. ಮೇಷ್ಟ್ರು ತಾವೇ ನಡೆದು ಬಂದದ್ದನ್ನು ಕಂಡು ಗುತ್ತೆಪ್ಪ ಕೈಯಲ್ಲಿದ್ದದ್ದನ್ನು ಬಿಟ್ಟು ಎದುರಿಗೆ ಓಡಿದ. “ಬರ್ರಿ ಮೇಷ್ಟ್ರೆ, ಕೂಡ್ರಿ ಕೂಡ್ರಿ” ಎಂದು ಚೀಲದ ಮೇಲೆ ವಲ್ಲಿ ಹಾಸಿ ಕೂರಿಸಿದ. ಹಿದಾಯತ್ ಸಾಹೇಬರು ಎದ್ದು ಬಂದರು. ಗುತ್ತೆಪ್ಪ ಅಟ್ಟ ಹತ್ತಿ ಪೆಟ್ಟಿಗೆ ಇಳಿಸಿದ. ಮುಟ್ಟಿದರೆ ಮರದ ಮೈ ಬಿಸಿಯಿತ್ತು. ಕೈ ತೊಳೆದುಕೊಂಡು ಬಂದು, ಹೇಳಿದ ಮಾತಿನಂತೆ ಅದನ್ನು ಅವರ ತೊಡೆಯ ಮೇಲಿಟ್ಟ.

ಪಂಚೆ ಬಿಚ್ಚಿದವಳು ಸರೋಜಾ. ಗಿಟಾರಿನ ಎದೆಯ ಮೇಲೆ, ಗುಂಡನೆಯ ಬಾಯಿಯ ಕೆಳಗಿನಿಂದ ತಳದವರೆಗೆ, ಹಲಗೆ ಎರಡಾಗಿತ್ತು. ಉಗುರು ಹೋಗುವಷ್ಟು ಅಗಲದ ಬಿರುಕು. ತಂತಿ ಕಟ್ಟುವ ಪಟ್ಟಿ ಅಂಟು ಬಿಟ್ಟು ಮೇಲೆದ್ದಿತ್ತು. ಗುತ್ತೆಪ್ಪ ಏನು ಮಾಡುತ್ತಿದ್ದೇನೆಂದು ತಿಳಿಯದೆ ಗೂಡಿನ ಸಂಚಿಗೆ ಕೈ ಹಾಕಿ ಒಂದು ಮಂಡಕ್ಕಿ ಕಚ್ಚಿದ. ಕುರುಂ ಎಂದಿತು.

“ಥಂಡಿ ತಾಗಿಲ್ಲ” ಎಂದ. “ನೋಡ್ರಿ ಬೇಕಾದ್ರ. ಒಂದು ಹನಿ ತಾಗಿಲ್ಲ. ಇದು ಹೆಂಗೆ ಆತು?”

ಸರೋಜಾ ಗೂಡನ್ನು ತಡಕಿದಳು. “ಇಲ್ಲಿ ಒಂದು ಸೋಪಿನ ಡಬ್ಬಿ ಇತ್ತಲ್ಲಣ್ಣ. ಸ್ಪಂಜಿಂದು. ಬ್ಯಾಸಿಗಿ ಬಂದ್ರ ಮೂರು ದಿನಕ್ಕೊಂದ್ಸಲ ನೀರು ಅದ್ದಿ ಇಡ್ತಿದ್ರು. ನನಗ ಅದರ ಧ್ಯಾಸನೇ ಇರಲಿಲ್ಲ.” ಅಷ್ಟು ಹೇಳಿದವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮುಖಕ್ಕೆ ಚಿಮುಕಿಸಿದ ನೀರು ಈಗ ಅವಳಿಗೆ ಅರ್ಥವಾಗಿತ್ತು. ಗುತ್ತೆಪ್ಪನಿಗೂ ಅರ್ಥವಾಗಿತ್ತು. ವಾರವಾರ ತಾನು ಫೋನಿನಲ್ಲಿ ಕೇಳಿಸಿದ ಕುರುಂ ಸದ್ದು ಆ ಮನುಷ್ಯನಿಗೆ ಏನು ಹೇಳುತ್ತಿತ್ತು, ಅವರು ಏನು ಹೇಳಲಾರದೆ ಒದರುತ್ತಿದ್ದರು ಎಂಬುದೆಲ್ಲ ಒಂದೇ ಸಲಕ್ಕೆ ಎದೆಗೆ ಹೊಡೆಯಿತು.

“ಡಬ್ಬಿ ನಾನೇ ಸುಟ್ಟೆ” ಎಂದ. “ನೀರು ಐತಲ್ಲ ಅಂತ ಸುಟ್ಟೆ ಮೇಷ್ಟ್ರೆ. ಕಾಲಾಗಿನ ಕಾಲ್ಮರಿ ತಗಂಡು ಹೊಡೀರಿ.”

ಮೇಷ್ಟ್ರು ಎಡಗೈ ಬೆರಳನ್ನು ಬಿರುಕಿನ ಉದ್ದಕ್ಕೂ ಆಡಿಸಿದರು. ಬಲಗೈಯನ್ನು ಎಡಗೈಯಿಂದ ಎತ್ತಿ ತಂತಿಯ ಮೇಲಿಟ್ಟರು. ಹನ್ನೊಂದು ತಿಂಗಳು ದುಡಿದು ದಕ್ಕಿಸಿಕೊಂಡ ಹೆಬ್ಬೆರಳು ನಿಧಾನವಾಗಿ ಬಾಗಿ ಒಂದು ತಂತಿ ಎಳೆಯಿತು. ಎದ್ದ ಪಟ್ಟಿ ಕಟಕಟ ಅದುರಿತು, ನಾದ ಹುಟ್ಟಲಿಲ್ಲ. ಅವರು ಇನ್ನೊಮ್ಮೆ ಎಳೆಯಲಿಲ್ಲ. ಗುತ್ತೆಪ್ಪನ ಕಡೆ ನೋಡಿದ ಆ ಕಣ್ಣಿನಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸಿಟ್ಟು ಇರಲಿಲ್ಲ. ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಮನೆಗೆ ಹೋಗೋಣ ಎಂದು ಹೆಂಡತಿಗೆ ಸನ್ನೆ ಮಾಡಿದರು.

ಹಿದಾಯತ್ ಸಾಹೇಬರು ಸುಮ್ಮನಿರಲಿಲ್ಲ. ವಾದ್ಯ ರಿಪೇರಿ ಮಾಡುವ ರಿಯಾಜ್‌ನನ್ನು ಕರೆಸಿ ತೋರಿಸಿದರು. ಮೇಲಿನ ಹಲಗೆ ಪೂರ್ತಿ ಬದಲಿಸಬೇಕು, ಆಮೇಲೆ ಧ್ವನಿ ಇದೇ ಬರುತ್ತದೆಂದು ಹೇಳಲಾಗದು ಎಂದ ಅವನು. ಬದಲಿಸಲಿ ಎಂದು ಗುತ್ತೆಪ್ಪ ಕಾಲಿಗೆ ಬೀಳುವುದೊಂದು ಬಾಕಿ. ಮೇಷ್ಟ್ರನ್ನು ಕೇಳಿದರೆ ತಲೆ ಅಡ್ಡಡ್ಡ ಆಡಿಸಿದರು. ಇನ್ನೊಂದು ಗಿಟಾರು ಕೊಡಿಸುತ್ತೇವೆ ಎಂದು ಶಿಷ್ಯಂದಿರ ಮನೆಯವರು ಬಂದಾಗಲೂ ಅದೇ. ಸಹನಾ ಎರಡು ವಾರ ಬಂದು ನೋಡಿ, ಬರುವುದನ್ನು ಬಿಟ್ಟಳು.

ಈಗ ಪ್ರತಿ ಸೋಮವಾರ ಗುತ್ತೆಪ್ಪ ಫೋನು ಮಾಡುವುದಿಲ್ಲ. ಮಧ್ಯಾಹ್ನದ ಬಸ್ಸಿಗೆ ಹರಿಹರಕ್ಕೆ ಹೋಗುತ್ತಾನೆ. ಕೆಂಚಕ್ಕ ಒಂದು ಸಲ, “ಹೋಗಿ ಏನು ಮಾಡ್ತೀಯ?” ಎಂದು ಕೇಳಿದಳು. ಅವನ ಮುಖ ನೋಡಿ ಮತ್ತೆ ಕೇಳಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ತನ್ನ ಎರಡು ಬೆರಳನ್ನು ಮೇಷ್ಟ್ರ ಬಲ ಅಂಗೈಯಲ್ಲಿ ಇಡುತ್ತಾನೆ.

“ಹಿಡೀರಿ ಮೇಷ್ಟ್ರೆ. ಒಂದ್ಸಲ ಒತ್ರಿ. ಗಿಟಾರಿಗೆ ಬ್ಯಾಡ, ಸುಮ್ನೆ ಒತ್ರಿ.”

ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಾ ಮಲಗಿರುತ್ತಾರೆ. ಕಳೆದ ಸೋಮವಾರ ಗುತ್ತೆಪ್ಪ ಬಸ್ಸಿನ ಹೊತ್ತಾಗುವವರೆಗೆ ಹಾಗೇ ಕೂತಿದ್ದ. ಹೊರಡುವಾಗ ಸರೋಜಾ ಬಾಗಿಲವರೆಗೆ ಬಂದು, ಗಂಡನಿಗೆ ಕೇಳಿಸದ ಹಾಗೆ ಹೇಳಿದಳು.

“ಮುಂಜಾನಿ ಚಾದ ಲೋಟ ಬಲಗೈಯಾಗೇ ಹಿಡ್ಕಂಡ್ರಣ್ಣ. ಕೈಗೆ ಶಕ್ತಿ ಐತೆ.”

ಗುತ್ತೆಪ್ಪ ಹೂಂ ಎಂದ. ಅವನಿಗೂ ಅದು ಗೊತ್ತಿತ್ತು. ಅವನ ಬೆರಳ ಸುತ್ತ ಆ ಕೈ ಮುಚ್ಚಿಕೊಳ್ಳಲು ಶುರುವಾಗಿ, ಅರ್ಧಕ್ಕೆ ನಿಂತು, ಬೇಕೆಂದೇ ತೆರೆದುಕೊಂಡಿತ್ತು.